ಸುಟ್ಟ ತಾಮ್ರ

ಕರ್ಜಗಿಯ ಶೇಖಪ್ಪ ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಟಂಟಂ ಗಾಡಿಯಿಂದ ಇಳಿಸಿ, ಫಕ್ಕೀರಸಾಬನ ಮೋಟರ್ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಚಹಾ ತರಿಸಿದ. ಹಾವೇರಿಯ ಅಂಚಿನಲ್ಲಿದ್ದ ಆ ಅಂಗಡಿಗೆ ಅವನು ಹಳೆಯ ಗಿರಾಕಿ. ಎರಡು ತಿಂಗಳ ಹಿಂದೆ ಅವನ ಹೊಲದ ಕೇಬಲ್ಲನ್ನು ಯಾರೋ ಕತ್ತರಿಸಿ ಒಯ್ದಿದ್ದರು, ಅದು ಸಾಲದು ಎಂಬಂತೆ ಈಗ ಮೋಟರೂ ಸುಟ್ಟಿತ್ತು.

“ಆ ಹರಣಶಿಕಾರಿ ಪರಸ್ಯಾ ಒಳಗ ಹೋದಾಗಿಂದ ಒಂದ ಕೇಬಲ್ ಹೋಗಿಲ್ಲ ನೋಡು ಸಾಬಾ,” ಎಂದ ಶೇಖಪ್ಪ. “ಅವರ ಜಾತಿನ ಹಂಗ.”

ಫಕ್ಕೀರಸಾಬ ತಲೆಯಾಡಿಸಿದ. ಮೋಟರಿನ ಹೊಟ್ಟೆಯಿಂದ ಸುಟ್ಟ ತಂತಿಯನ್ನು ಉಳಿಯಿಂದ ಕಡಿದು ಎಳೆಯುತ್ತಿದ್ದ. ಹಳೆಯ ತಾಮ್ರ ಮೋಟರಿನ ಮಾಲೀಕನ ಸೊತ್ತು. ಅದನ್ನು ತೂಗಿ ಮಜೂರಿಯಲ್ಲಿ ಕಳೆಯುವುದು ರೂಢಿ. ಆದರೆ ತೂಗುವ ಮೊದಲು ಒಂದು ಹಿಡಿ ತಂತಿ ಬೆಂಚಿನ ಕೆಳಗಿನ ಡಬ್ಬಿಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷಗಳಿಂದ ಪ್ರತಿ ಮೋಟರಿನಿಂದಲೂ ಒಂದು ಹಿಡಿ. ಇದನ್ನು ಕಳವು ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಡಬ್ಬಿ ತುಂಬಿದಾಗ ಗುಜರಿ ಕೊಳ್ಳಲು ಬರುವ ಇದೇ ಪರಸಪ್ಪನಿಗೆ ಮಾರುತ್ತಿದ್ದ. ಪರಸಪ್ಪ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೂ ಅವನ ಮಾತನ್ನು ಕೇಳುವವರು ಯಾರು?

ಅದೇ ಈಗ ಮುಳ್ಳಾಗಿತ್ತು. ಕೇಬಲ್ ಕಳುವಾದ ಮೂರನೆಯ ದಿನ ಪೊಲೀಸರು ಹರಣಶಿಕಾರಿಗಳ ಗುಡಿಸಲುಗಳನ್ನು ಹುಡುಕಿದಾಗ ಪರಸಪ್ಪನ ಬಳಿ ಒಂದು ಚೀಲ ತಾಮ್ರ ಸಿಕ್ಕಿತು. ಮೋಟರ್ ರಿಪೇರಿ ಸಾಬರ ಕಡೆಯಿಂದ ಕೊಂಡದ್ದು ಎಂದು ಅವನು ಹೇಳಿದ. ಪೊಲೀಸರು ಅಂಗಡಿಗೆ ಬಂದು ಕೇಳಿದರು. ಆಗ ಅಲ್ಲಿ ನಾಲ್ಕು ಮಂದಿ ರೈತರು ನಿಂತಿದ್ದರು. ತಾನು ಯಾರಿಗೂ ಏನೂ ಮಾರಿಲ್ಲ ಎಂದು ಫಕ್ಕೀರಸಾಬ ಹೇಳಿದ. ಪರಸಪ್ಪ ಅಂದಿನಿಂದ ಹಾವೇರಿಯ ಜೈಲಿನಲ್ಲಿದ್ದ.

ಶೇಖಪ್ಪ ಹೋದ ಮೇಲೆ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಹೆಗಲಿಗೆ ಪಿನ್ನು, ಬಾಚಣಿಕೆಗಳ ಬುಟ್ಟಿ. ಪರಸಪ್ಪನ ಹೆಂಡತಿ ಗದಿಗೆವ್ವ. ಇದು ಅವಳು ಬಂದ ಮೂರನೆಯ ಸಲ. ಹಿಂದಿನ ಎರಡು ಸಲ ಗಿರಾಕಿಗಳನ್ನು ಕಂಡು ಹಾಗೆಯೇ ತಿರುಗಿ ಹೋಗಿದ್ದಳು. ಅವಳು ಜಗಳ ತೆಗೆಯಲಿಲ್ಲ. ಸರ್ಕಾರದಿಂದ ಪುಕ್ಕಟೆಯಾಗಿ ವಕೀಲರನ್ನು ಕೊಟ್ಟಿದ್ದಾರೆ, ಸ್ನೇಹಾ ಅಂತ ಸಣ್ಣ ವಯಸ್ಸಿನವರು, ಆ ತಾಮ್ರವನ್ನು ಬಲ್ಲವರು ಒಬ್ಬರು ಬಂದು ಹೇಳಿದರೆ ಜಾಮೀನು ಆದೀತು ಎಂದಿದ್ದಾರೆ ಎಂದಳು.

“ನಾವು ಖರೇ ಹೇಳಿದ್ರೂ ಯಾರೂ ನಂಬಂಗಿಲ್ರಿ ಸಾಬರ. ನಮ್ಮ ಹೆಸರು ಮೊದಲ ಬರಕೊಂಡು ಆಮ್ಯಾಲ ಕೇಳ್ತಾರ. ನೀವು ಸುಳ್ಳ ಹೇಳಿದ್ರೂ ನಂಬಿದ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಲೆ ಹೇಳುವಂತೆ ಹೇಳಿ ಹೊರಟುಹೋದಳು. ಫಕ್ಕೀರಸಾಬನಿಗೆ ಆ ಮೋಟರಿನ ಕೆಲಸ ಮುಂದೆ ಸಾಗಲಿಲ್ಲ. ಕೇಬಲ್ಲಿನ ತಂತಿ ನೇರವಾಗಿ, ಹಗ್ಗದ ಎಳೆಗಳಂತೆ ಹೊಸೆದುಕೊಂಡು ಇರುತ್ತದೆ. ಮೋಟರಿನಿಂದ ಕಡಿದು ತೆಗೆದದ್ದು ಕುದುರೆಯ ಲಾಳದಂತೆ ಬಾಗಿರುತ್ತದೆ, ಒಂದು ತುದಿಯಲ್ಲಿ ಉಳಿಯ ಪೆಟ್ಟಿನ ಗುರುತು ಇರುತ್ತದೆ. ಚೀಲವನ್ನು ಬಿಚ್ಚಿ ನೋಡಿದರೆ ಸಾಕು, ಮೋಟರಿಗೆ ತಂತಿ ಸುತ್ತುವ ಯಾವ ವೈಂಡಿಂಗ್‌ನವನಾದರೂ ಹೇಳಬಲ್ಲ. ಎರಡು ತಿಂಗಳಿಂದ ಅವನಿಗೆ ಇದು ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಕುಲ್ಸುಮಬಿಗೆ ಎಲ್ಲವನ್ನೂ ಹೇಳಿದ. ಆ ಡಬ್ಬಿಯ ವಿಷಯ ಅವಳಿಗೂ ಹೊಸದು. ಮೊದಲು ಅವಳು ನಂಬಲಿಲ್ಲ, ಆಮೇಲೆ ಅತ್ತಳು. ಹೇಳಿದರೆ ನಾಳೆ ಒಬ್ಬ ರೈತನೂ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಮಗಳು ದಿಲನಾಜಳನ್ನು ಕೇಳಲು ರಾಣೆಬೆನ್ನೂರಿನವರು ಬರುವವರಿದ್ದಾರೆ, ಅವರ ಕಿವಿಗೆ ಬಿದ್ದರೆ ಹೇಗೆ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೆ ದಾರಿ ಇದೆಯೇ ಎಂದು ಅವನೂ ಯೋಚಿಸಿದ. ತಾಮ್ರ ತನ್ನದೇ, ಲೆಕ್ಕದ್ದೇ ಎಂದುಬಿಟ್ಟರೆ? ಆದರೆ ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

ಮರುದಿನ ಅವನು ವಕೀಲರ ಕೋಣೆಗೆ ಹೋದ. ಸ್ನೇಹಾ ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು, ಪೊಲೀಸರ ಮುಂದೆ ಬೇರೆ ಹೇಳಿದ್ದೀರಿ, ಇದರಿಂದ ನಿಮಗೂ ತೊಂದರೆ ಆಗಬಹುದು ಎಂದು ಮೆತ್ತಗೆ ಎಚ್ಚರಿಸಿದರು.

“ಅದನ್ನೂ ಬರೀರಿ, ಬಾಯಾರ,” ಎಂದ ಅವನು. “ಕೇಳಿದಾಗ ನಾನ ಸುಳ್ಳ ಹೇಳಿದೆ ಅಂತ ಬರೀರಿ.”

ಇನ್ನೊಂದು ತೊಡಕಿತ್ತು. ಜಾಮೀನು ಸಿಕ್ಕರೂ ಆಸ್ತಿ ಇದ್ದವರು ಯಾರಾದರೂ ಹೊಣೆ ನಿಲ್ಲಬೇಕು. ಗುಡಿಸಲಿನವರ ಬಳಿ ಯಾವ ಆಸ್ತಿಪತ್ರ, ಯಾವ ಉತಾರ ಇರುತ್ತದೆ? ಕೋರ್ಟಿಗೆ ಹೋಗಬೇಕಿದ್ದ ಸೋಮವಾರ ಬೆಳಿಗ್ಗೆ ಅವನು ಅಂಗಿ ಹಾಕಿಕೊಳ್ಳುವಾಗ ಕುಲ್ಸುಮಬಿ ಟ್ರಂಕಿನಿಂದ ಮನೆಯ ಉತಾರ ತೆಗೆದು ಮಂಚದ ಮೇಲಿಟ್ಟಳು. ಅವನ ಮುಖ ನೋಡಲಿಲ್ಲ. ಆ ಹೆಂಗಸಿನ ಮನೆಯಲ್ಲೂ ಒಲೆ ಉರಿಯಬೇಕಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಕೋರ್ಟಿನಲ್ಲಿ ಚೀಲ ಬಿಚ್ಚಿಸಿದರು. ಫಕ್ಕೀರಸಾಬ ಒಂದು ತುಂಡನ್ನು ಎತ್ತಿ ತೋರಿಸಿದ. ಇದು ಯಾರ ತಾಮ್ರ ಎಂದು ಕೇಳಿದಾಗ, ಇದು ರೈತರದು, ತೂಗುವ ಮೊದಲು ನಾನು ತೆಗೆದಿಟ್ಟುಕೊಂಡದ್ದು, ಪರಸಪ್ಪ ರೊಕ್ಕ ಕೊಟ್ಟು ಕೊಂಡದ್ದು ಎಂದ. ಕೇಬಲ್ಲಿನ ದೂರು ಕೊಟ್ಟಿದ್ದ ಶೇಖಪ್ಪ ಹಿಂದಿನ ಬೆಂಚಿನಲ್ಲಿ ಕುಳಿತಿರುವುದನ್ನು ಬಂದಾಗಲೇ ನೋಡಿದ್ದ. ಮತ್ತೆ ಅತ್ತ ತಿರುಗಲು ಆಗಲಿಲ್ಲ. ಪರಸಪ್ಪನಿಗೆ ಜಾಮೀನು ಮಂಜೂರಾಯಿತು. ಫಕ್ಕೀರಸಾಬ ಉತಾರ ಕೊಟ್ಟು ಹೊಣೆ ನಿಂತ.

ಹೊರಗೆ ಜಗಲಿಯಲ್ಲಿ ಶೇಖಪ್ಪ ಕಾಯುತ್ತಿದ್ದ.

“ನನ್ನ ಮೋಟರ್‌ದಾಗಿಂದೂ ತಗೊಂಡೀಯೇನು?”

“ತಗೊಂಡೇನ್ರಿ. ಪ್ರತಿ ಸಲ.”

ಶೇಖಪ್ಪ ಬೈಯುತ್ತಾನೆ ಎಂದು ಅವನು ನಿಂತೇ ಇದ್ದ. ಬೈದಿದ್ದರೆ ಹಗುರಾಗುತ್ತಿತ್ತು. ಶೇಖಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಮತ್ತೆ ಹಾಕಿಕೊಂಡ. “ಯಾರ ಮ್ಯಾಲ ಸಂಶಯ ಅಂತ ಕೇಳಿದಾಗ ನಾ ಅವರ ಗುಡಸಲ ಕಡೆ ಕೈ ತೋರಿಸಿದೆ,” ಎಂದ. “ನಿನ್ನ ಅಂಗಡಿ ಕಡೆ ತೋರಸಬೇಕಂತ ನನಗ ಹೊಳೀಲೇ ಇಲ್ಲ.” ಮೋಟರನ್ನು ಒಯ್ಯಲು ನಾಳೆ ಟಂಟಂ ಕಳಿಸುತ್ತೇನೆ, ಹೊಸ ತಂತಿ ಸುತ್ತುವುದು ಬೇಡ ಎಂದು ಹೇಳಿ ಮೆಟ್ಟಿಲಿಳಿದ.

ಕಾಗದಪತ್ರ ಮುಗಿದು ಪರಸಪ್ಪ ಜೈಲಿನ ಬಾಗಿಲಿನಿಂದ ಹೊರಬಂದಾಗ ಸಂಜೆಯಾಗಿತ್ತು. ಬಹಳ ಇಳಿದುಹೋಗಿದ್ದ. ಗದಿಗೆವ್ವ ತಮ್ಮ ಭಾಷೆಯಲ್ಲಿ ಅವನಿಗೆ ಏನೋ ಹೇಳಿದಳು. ಅವನು ರಸ್ತೆಯಾಚೆ ನಿಂತಿದ್ದ ಫಕ್ಕೀರಸಾಬನನ್ನು ಸ್ವಲ್ಪ ಹೊತ್ತು ನೋಡಿ, ದಾಟಿ ಬಂದ. ಮಾಫಿ ಕೇಳಬೇಕೆಂದು ಫಕ್ಕೀರಸಾಬ ಬೆಳಗಿನಿಂದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದ, ಆದರೆ ಪರಸಪ್ಪನೇ ಮೊದಲು ಮಾತಾಡಿದ.

“ಸಾಬರ,” ಎಂದ ಪರಸಪ್ಪ, “ಇನ್ನ ಮುಂದ ಏನರ ಕೊಟ್ರ ಒಂದು ಚೀಟಿ ಬರದ ಕೊಡ್ರಿ.”

“ನಿನಗ ಓದಾಕ ಬರ್ತೈತೇನಪಾ?”

“ನನಗ ಬರಂಗಿಲ್ರಿ. ಹಿಡಿಯಾಕ ಬರೋವ್ರಿಗೆ ಬರ್ತೈತಿ.”

ಅವನು ನಕ್ಕ, ಗದಿಗೆವ್ವ ನಗಲಿಲ್ಲ. ಫಕ್ಕೀರಸಾಬ ಜೇಬಿನಿಂದ ಅಂಗಡಿಯ ಬಿಲ್ ಪುಸ್ತಕವನ್ನೂ ಪೆನ್ನನ್ನೂ ತೆಗೆದ. ಜೈಲಿನ ಗೋಡೆಗೆ ಪುಸ್ತಕವನ್ನು ಒತ್ತಿ ಹಿಡಿದು, ಸುಟ್ಟ ತಾಮ್ರ ಒಂದು ಚೀಲ, ಪರಸಪ್ಪನಿಗೆ ಮಾರಿದ್ದು ಎಂದು ಬರೆದ. ತಾರೀಖಿನ ಜಾಗದಲ್ಲಿ ಪೆನ್ನು ನಿಂತಿತು. ಕೊನೆಗೆ ಅಂದಿನ ತಾರೀಖನ್ನೇ ಹಾಕಿ, ಅದರ ಕೆಳಗೆ ಬರೆದ: ಎರಡು ತಿಂಗಳು ತಡವಾಗಿ ಕೊಟ್ಟ ಚೀಟಿ. ಸಹಿ ಮಾಡಿ ಎರಡೂ ಕೈಗಳಿಂದ ನೀಡಿದ.