ಮಧ್ಯಾಹ್ನದ ಪಾಳಿ

"ಇನ್ನೊಂದ್ ಹೆಜ್ಜಿ ಹಿಂದಕ್ಕ ಹೋಗ್ರಿ ಅಕ್ಕಾರ, ಗುಮ್ಮಟ ಪೂರಾ ಬರ್ಲಿ," ಎಂದಳು ಸ್ಮಿತಾ.

ಸ್ಮಿತಾಳ ಫೋನು ಹಿಡಿದಿದ್ದ ನಿರುಪಮಾ ಒಂದಲ್ಲ, ಮೂರು ಹೆಜ್ಜೆ ಹಿಂದೆ ಹೋದಳು. ಅವರ ಹಡಗು ಆ ದಿನ ನಿಂತಿದ್ದ ಕಾದಿಸ್ ಊರಿನ ಹಳೆಯ ಚರ್ಚು, ಅದರ ಹಳದಿ ಗುಮ್ಮಟ, ಮುಂದೆ ಕಲ್ಮೇಶ, ಅವನ ತೋಳಿಗೆ ಆತುಕೊಂಡು ಸ್ಮಿತಾ. ಮೂವತ್ತು ವರ್ಷದ ಸಂಸಾರದಲ್ಲಿ ಹಾಗೆ ಆತು ನಿಲ್ಲುವುದು ಫೋಟೋಕ್ಕೆ ಮಾತ್ರ. ಕಡಲಾಚೆಯ ತಮ್ಮೂರು ನೋವೈಯಿಂದ ಹೊರಟ ದಿನ ಡ್ರೈವ್‌ವೇ ಅಂಚಿನಲ್ಲಿ ಇನ್ನೂ ಕೊಳಕು ಹಿಮ ಉಳಿದಿತ್ತು. ಇಲ್ಲಿ ಎಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಬೀದಿಗೆಲ್ಲ ಕಿತ್ತಳೆ ಹೂವಿನ ವಾಸನೆ. ನಿರುಪಮಾ ಇನ್ನೇನು ಬೆರಳು ಒತ್ತಬೇಕು, ಪರದೆಯ ಮೇಲಿನಿಂದ ಒಂದು ಮೆಸೇಜು ಇಳಿಯಿತು.

ಚೇತನಾ ಕಳಿಸಿದ್ದು. "ಸ್ಮಿತಾ, ಮಧ್ಯಾಹ್ನ ನಿರು ಟರ್ನ್ ನಂದು ಅಲ್ವಾ? ನೀವೇ ನೋಡ್ಕೋತೀರಾ ಪ್ಲೀಸ್? ನಾನೂ ಸುರೇಶೂ ಇಬ್ರೇ ಸ್ವಲ್ಪ ಸುತ್ತಾಡೋಣ ಅಂತ."

"ಬಂತೇನ್ರಿ?" ಕಲ್ಮೇಶ ನಗುಮುಖ ಬಿಡದೆಯೇ ಕೇಳಿದ.

"ತಡೀರಿ, ಬಿಸಿಲು ಹೊಡೀತಿದೆ."

ಸರದಿಯ ಪಟ್ಟಿ ನಿರುಪಮಾಗೆ ಹೊಸದಲ್ಲ. ನೋವೈ ಕನ್ನಡದವರ ಮನೆಗಳಲ್ಲಿ ಪಟ್ಟಿಯ ಪದ್ಧತಿ ತಂದವಳೇ ಅವಳು. ಯುಗಾದಿ ಪಾಟ್‌ಲಕ್ಕಿಗೆ ಚಿತ್ರಾನ್ನ ಯಾರದ್ದು, ಹೆರಿಗೆಯಾದವರ ಮನೆಗೆ ಸೋಮವಾರದ ಸಾರು ಯಾರದ್ದು, ಎಲ್ಲ ಅವಳ ಪಟ್ಟಿಯಲ್ಲಿ ಇರುತ್ತಿತ್ತು. ಎರಡು ವರ್ಷದ ಹಿಂದೆ ಗಂಡ ಅರುಣ್ ಕುಮಾರ್ ತೀರಿಕೊಂಡಾಗ ನಲವತ್ತು ದಿನ ಬಾಗಿಲಿಗೆ ಊಟ ಬಂದದ್ದೂ ಪಟ್ಟಿಯ ಪ್ರಕಾರವೇ. ಗೊತ್ತಿದ್ದೇ ಉಂಡಿದ್ದಳು, ಒಂದಿಷ್ಟೂ ಬೇಸರವಾಗಿರಲಿಲ್ಲ. ಆದರೆ ಅದು ಊಟ.

ಈ ಕ್ರೂಸಿಗೆ ಮೂರು ಜೋಡಿಗಳ ಜೊತೆ ಒಂಟಿಯಾಗಿ ಬರಲು ಅವಳಿಗೆ ಮನಸ್ಸಿರಲಿಲ್ಲ. ಒಪ್ಪಿಸಿದವಳು ಚೇತನಾ. ಇಪ್ಪತ್ತನಾಲ್ಕು ವರ್ಷದ ಗೆಳತಿ, ಎರಡು ಬೀದಿ ಆಚೆಯ ಮನೆ. "ನೀನಿಲ್ದೆ ನಂಗೆ ಬೋರು ಕಣೆ," ಎಂದಿದ್ದಳು. ಬಾರ್ಸಿಲೋನಾದಲ್ಲಿ ಶೇಷಗಿರಿಯ ಹೆಂಡತಿ ವಸುಧಾ ಕೈ ಹಿಡಿದು ತಿರುಗಿಸಿದಳು. ಶೇಷಗಿರಿ ಮಾತು ಕಡಿಮೆಯ ಡಾಕ್ಟರು, ಒಪ್ಪಿಕೊಂಡ ಕೆಲಸ ಮಾತ್ರ ತಪ್ಪಿಸುವವನಲ್ಲ. ದಿನವಿಡೀ ನಿರುಪಮಾಳ ನೀರಿನ ಬಾಟಲಿ ಹೊತ್ತ. ಮಾಲಗಾದಲ್ಲಿ ಚೇತನಾ ಜೊತೆಗೇ ಇದ್ದಳು. ರಾತ್ರಿ ಮಲಗುವಾಗ ನಿರುಪಮಾ, ಇವರಿಗೆಲ್ಲ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಕಣ್ಣೊರೆಸಿಕೊಂಡಿದ್ದಳು. ಈಗ ಆ ದಿನಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಂತವು. ಉಳಿದವರದ್ದು ಹೋಗಲಿ, ಚೇತನಾಳ ಹೆಸರೂ ಆ ಸಾಲಿನಲ್ಲಿ ಇತ್ತಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಅವಳು ಮೊದಲ ಕಳ್ಳತನ ಮಾಡಿದಳು. ಮೆಸೇಜು ತೆರೆದು, ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ, ಸ್ಮಿತಾಳ ಫೋನಿನಿಂದ ಮಾತ್ರ ಎರಡನ್ನೂ ಅಳಿಸಿದಳು. ಆಮೇಲೆ ಫೋಟೋ ತೆಗೆದಳು. ಗುಮ್ಮಟ ಪೂರಾ ಬಂತು.

"ಚೇತನಾ ಮಾರ್ಕೆಟ್ ಹತ್ರ ಕಾಯ್ತಾ ಇದಾಳಂತೆ. ನಾನು ಹೋಗ್ತೀನಿ, ನೀವಿಬ್ರೂ ಆರಾಮಾಗಿ ತಿರುಗಾಡಿ."

"ಅಲ್ಲೀ ತನಕಾ ಬಿಟ್ಟ್ ಬರ್ತೀವ್ರಿ," ಎಂದಳು ಸ್ಮಿತಾ.

"ಬೇಡಮ್ಮ, ಐದು ನಿಮಿಷದ ದಾರಿ."

"ಛಲೋ ಆತು ಹಂಗಾರ," ಎಂದ ಕಲ್ಮೇಶ, ತುಸು ಬೇಗನೇ.

ಹಡಗುಕಟ್ಟೆಯ ಪಕ್ಕದಲ್ಲೇ ಕೊಲ್ಲಿಯಾಚೆಯ ಊರಿಗೆ ಹೋಗುವ ದೋಣಿ ನಿಂತಿತ್ತು. ಊರಿನ ಹೆಸರು ಪುಯೆರ್ತೊ. ಅರ್ಧ ಗಂಟೆಯ ದಾರಿ. ಹತ್ತಿ ಕೂತಳು. ಸಾಲಿನಲ್ಲಿ ಇಲ್ಲದ ಊರು ಎಂಬುದೊಂದೇ ಅದರ ಮೇಲೆ ಅವಳಿಗಿದ್ದ ಪ್ರೀತಿ.

ಪುಯೆರ್ತೊದಲ್ಲಿ ಪುಟ್ಟ ಕೋಟೆಯೊಂದಿತ್ತು. ಸುಣ್ಣ ಬಳಿದ ಮನೆಗಳು, ಕಿಟಕಿಯ ಸರಳುಗಳಲ್ಲಿ ಹೂಕುಂಡ. ಹಿಂದಿನ ವಾರ ಈಸ್ಟರಿನ ಮೆರವಣಿಗೆಯಲ್ಲಿ ಸಾವಿರಾರು ಮೇಣದ ಬತ್ತಿಗಳಿಂದ ತೊಟ್ಟಿಕ್ಕಿದ ಮೇಣ ಇನ್ನೂ ಬೀದಿಯ ಕಲ್ಲಿಗೆ ಅಂಟಿತ್ತು. ಅದರ ಮೇಲೆ ಕಾರುಗಳು ತಿರುಗುವಾಗ ಟೈರುಗಳು ಕೀಂಯ್ ಎನ್ನುತ್ತಿದ್ದವು. ಅರುಣ್ ಕುಮಾರ್ ಇಪ್ಪತ್ತೆರಡು ವರ್ಷ ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಬ್ರೇಕಿನ ಎಂಜಿನಿಯರ್ ಆಗಿದ್ದವನು. ಇದ್ದಿದ್ದರೆ ಬೀದಿ ಮಧ್ಯೆಯೇ ಕುಕ್ಕರಗಾಲಲ್ಲಿ ಕೂತು ಆ ಮೇಣವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ, ಇವಳು "ಏಳ್ರೀ, ಜನ ನೋಡ್ತಾರೆ," ಎನ್ನುತ್ತಿದ್ದಳು. ಅಳು ಬಂತು. ಯಾರ ಟರ್ನೂ ಅಲ್ಲವಾದ್ದರಿಂದ ಧಾರಾಳವಾಗಿ ಅತ್ತಳು.

ಇಳಿಜಾರಿನಲ್ಲಿ ಕಾಲು ಜಾರಿದಾಗ ಯಾರೋ ಮೊಣಕೈ ಹಿಡಿದರು. ಕೈಚೀಲದಲ್ಲಿ ಬ್ರೆಡ್ ಇಟ್ಟುಕೊಂಡಿದ್ದ ಮುದುಕಿ. ಅವಳು ಮೇಣ ತೋರಿಸಿ ತನ್ನ ಭಾಷೆಯಲ್ಲಿ ಗದರಿದಳು. "ಗೊತ್ತಾಗ್ಲಿಲ್ಲಮ್ಮ," ಎಂದು ಇವಳು ಕನ್ನಡದಲ್ಲೇ ಹೇಳಿದಳು. ಹತ್ತು ಹೆಜ್ಜೆ ಇಬ್ಬರೂ ತೋಳು ಹಿಡಿದೇ ನಡೆದರು. ಮೂಲೆ ಬಂದಾಗ ಮುದುಕಿ ಕೈ ಬಿಟ್ಟು, ತಿರುಗಿ ನೋಡದೆ ತನ್ನ ಮನೆಗೆ ಹೋದಳು.

ಮೂರು ಗಂಟೆಯ ದೋಣಿ ಬಂದಾಗ ನಿರುಪಮಾ ಕಟ್ಟೆಯ ಬೆಂಚಿನಿಂದ ಏಳಲಿಲ್ಲ. ಫೋನು ತೊಡೆಯ ಮೇಲಿತ್ತು, ಸಿಗ್ನಲ್ ಪೂರಾ ಇತ್ತು. ಯಾರಾದರೂ ಒಬ್ಬರು, ಯಾರಾದರೂ ಏಕೆ, ಚೇತನಾ ಒಬ್ಬಳು, "ಎಲ್ಲಿದೀಯೇ?" ಎಂದು ಕೇಳಲಿ ಎಂಬ ಆಸೆ. ಎಲ್ಲರನ್ನೂ ನಂಬಿಸಿ ಬಂದವಳು ತಾನೇ ಎಂದು ಗೊತ್ತಿದ್ದರೂ ಆಸೆ ಆಸೆಯೇ. ದೋಣಿ ಹೋಯಿತು. ಫೋನು ಸುಮ್ಮನೆ ಇತ್ತು. ಮುಂದಿನದು ಮೂರೂ ನಲವತ್ತಕ್ಕೆ, ಹಡಗಿನ ಬಾಗಿಲು ಮುಚ್ಚುವುದು ನಾಲ್ಕೂವರೆಗೆ. ಅದನ್ನೂ ಬಿಟ್ಟರೆ ಹೇಗೆ ಎಂದು ಒಂದು ಕ್ಷಣ ಅನಿಸಿತು. ಪಾಸ್‌ಪೋರ್ಟು ಕ್ಯಾಬಿನ್ನಿನಲ್ಲಿತ್ತು, ಬಿಪಿ ಮಾತ್ರೆಯೂ ಅಲ್ಲೇ. ಹುಡುಕದವರಿಂದ ತನ್ನನ್ನು ಹುಡುಕಿಸಿಕೊಳ್ಳುವುದಕ್ಕೆ ಅಷ್ಟು ದೊಡ್ಡ ಬೆಲೆ ತೆರುವ ಹೆಣ್ಣಲ್ಲ ಅವಳು. ದೋಣಿ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿದಳು.

ಆರು ಗಂಟೆಗೆ ಏಳೂ ಜನ ಊಟದ ಮೇಜಿನಲ್ಲಿ ಕೂತರು. ಚೇತನಾಳ ಮೂಗು ಬಿಸಿಲಿಗೆ ಕೆಂಪಾಗಿತ್ತು. ಹೊಸ ಬೀಸಣಿಗೆ ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದಳು.

"ಥ್ಯಾಂಕ್ಸ್ ಕಣೇ ಸ್ಮಿತಾ, ಮಧ್ಯಾಹ್ನಕ್ಕೆ," ಎಂದಳು ತಗ್ಗಿದ ದನಿಯಲ್ಲಿ.

"ಯಾತಕ್ಕ?" ಸ್ಮಿತಾಳ ದನಿ ತಗ್ಗುವಂಥದ್ದಲ್ಲ. "ಅಕ್ಕಾರು ನಿಮ್ ಜೋಡಿ ಇದ್ರಲ್ಲ?"

"ನಮ್ ಜೊತೆ ಎಲ್ಲಿ? ನೀನೇ ಓಕೆ ಅಂತ ಕಳಿಸಿದ್ಯಲ್ಲ..."

ಬೀಸಣಿಗೆ ಅರ್ಧಕ್ಕೆ ನಿಂತಿತು. ಆರೂ ಜನ ನಿರುಪಮಾಳ ಕಡೆ ತಿರುಗಿದರು. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಒಬ್ಳೇ ಇದ್ಯಾ? ಮಧ್ಯಾಹ್ನ ಪೂರ್ತಿ?" ಚೇತನಾಳ ಕಣ್ಣು ತುಂಬಿತು. "ಒಂದ್ ಫೋನ್ ಮಾಡೋದಲ್ವೇನೇ ನಿರು!"

"ನಾನೂ ಅದನ್ನೇ ಅನ್ಕೋತಿದ್ದೆ," ಎಂದಳು ನಿರುಪಮಾ.

ಕಲ್ಮೇಶ ನೀರು ಕುಡಿದ. ವಸುಧಾ ಉಪ್ಪಿನ ಡಬ್ಬಿಯನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು. ಕಿಟಕಿಯಾಚೆ ಕಾದಿಸ್‌ನ ಬಿಳಿ ಮನೆಗಳು ಸಣ್ಣದಾಗುತ್ತಿದ್ದವು.

"ಹೋಗ್ಲಿ ಬಿಡಿ," ಎಂದಳು ನಿರುಪಮಾ, ಬ್ರೆಡ್ಡು ತಟ್ಟೆಯಲ್ಲಿಟ್ಟು. "ನಾಳೆ ಲಿಸ್ಬನ್ ಅಲ್ವಾ? ನಾಳೆ ಯಾರ ಟರ್ನು?"

ಚೇತನಾ ಬೀಸಣಿಗೆಯ ಹಿಂದೆ ಮುಖ ಮರೆಸಿದಳು. ಮೇಜಿನ ತುದಿಯಲ್ಲಿ ಶೇಷಗಿರಿ ಚಮಚ ಕೆಳಗಿಟ್ಟು, ತುಟಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಭುಜದೆತ್ತರಕ್ಕೆ ಕೈ ಎತ್ತಿದ.