ಇಪ್ಪತ್ತು ಬಿಳಿ ಚೀಲಗಳು

ಕಾಲು ಮುರಿದುಕೊಂಡಿದ್ದ ಅಮ್ಮನ ಬಳಿ ಒಂಬತ್ತು ದಿನ ಇದ್ದು ನಾನು ಲಾಂಡ್ರಿಗೆ ಮರಳಿದ ಬೆಳಿಗ್ಗೆ, ಬಾಯ್ಲರ್ ಪಕ್ಕದ ಬೆಂಚಿನ ಮೇಲೆ ಇಪ್ಪತ್ತು ಬಟ್ಟೆ ಚೀಲಗಳು ಒಗೆದು, ಇಸ್ತ್ರಿಯಾಗಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದವು. ಒಂದನ್ನೆತ್ತಿ ಒದರಿದೆ, ಒಂದು ಚೂರೂ ಕೆಂಪು ಉದುರಲಿಲ್ಲ.

"ಹೇಗಿದೆ?" ಎಂದರು ಅಕ್ಕ. ಅಕ್ಕ ಎಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. "ಮೂಲೇಲಿ ಹಾಕಿಡಿ, ಬಂದು ಒದರ್ತೀನಿ ಅಂದಿದ್ದೆ ನೀನು. ಆ ಕೆಂಪು ರಾಶಿ ನೋಡ್ತಾ ನೋಡ್ತಾ ನನಗೆ ಊಟ ಸೇರ್ಲಿಲ್ಲ. ಎಲ್ಲಾ ಒಗೆದುಬಿಟ್ಟೆ. ಈಗ ಒಂದು ಕಲೆ ತೋರಿಸು ನೋಡೋಣ."

ಅಕ್ಕನಿಗೂ ಕಲೆಗೂ ಎಣ್ಣೆ ಸೀಗೆಕಾಯಿ. ಮೂವತ್ತು ವರ್ಷದಿಂದ ಆಸ್ಪತ್ರೆಗಳ ಚಾದರ ಒಗೆಯುತ್ತಿರುವ ನಮ್ಮ ಲಾಂಡ್ರಿಯಿಂದ ಒಂದೇ ಒಂದು ಕಲೆ ಹೊರಗೆ ಹೋದದ್ದಿಲ್ಲ.

"ಅಕ್ಕಾ, ಅದು ಕೊಳೆ ಅಲ್ಲ. ಅದು ನಮ್ಮ ಸೌದೆ," ಎಂದೆ.

ನಮ್ಮ ಹೊಸ ಬಾಯ್ಲರಿನಲ್ಲಿ ಉರಿಯುವುದು ಕಬ್ಬಿಣದ ಪುಡಿ. ಹಿಟ್ಟಿನಷ್ಟು ನುಣ್ಣಗಿರುತ್ತದೆ, ಹೊಗೆಯಿಲ್ಲದೆ ಉರಿಯುತ್ತದೆ. ಆವಿಯಲ್ಲಿ ಬಟ್ಟೆ ಒಗೆಯುತ್ತೇವೆ. ಮಿಕ್ಕ ಆವಿಗೆ ಪುಟ್ಟ ಟರ್ಬೈನೊಂದು ತಿರುಗಿ ಕಟ್ಟಡಕ್ಕೆಲ್ಲ ಕರೆಂಟು ಕೊಡುತ್ತದೆ. ಉರಿದ ಮೇಲೆ ಉಳಿಯುವುದು ಕೆಂಪು ತುಕ್ಕು. ದಪ್ಪನೆಯದು ಡ್ರಮ್ಮಿಗೆ ಬೀಳುತ್ತದೆ, ನುಣ್ಣನೆಯದನ್ನು ಬಿಸಿಗಾಳಿ ಹೊರಗೆ ಹೋಗುವ ದಾರಿಯಲ್ಲಿ ಕಟ್ಟಿದ ಈ ಬಟ್ಟೆ ಚೀಲಗಳು ಸೋಸಿ ಹಿಡಿಯುತ್ತವೆ. ಕಂಪನಿಯವರು ಅದನ್ನು ಒಯ್ದು, ಬಿಸಿಲಿನ ಕರೆಂಟಿನಿಂದ ತಯಾರಿಸಿದ ಹೈಡ್ರೋಜನ್ ಹಾಯಿಸಿ, ಮತ್ತೆ ಕಬ್ಬಿಣದ ಪುಡಿ ಮಾಡಿ ತರುತ್ತಾರೆ. ಅದೇ ಕಬ್ಬಿಣ ಹೋಗುತ್ತದೆ, ಅದೇ ಬರುತ್ತದೆ. ಹಾಗಾಗಿ ಅವರ ಕರಾರು ಒಂದೇ: ತುಕ್ಕು ನೂರಕ್ಕೆ ತೊಂಬತ್ತೊಂಬತ್ತು ಪಾಲು ವಾಪಸಾಗಬೇಕು. ತಪ್ಪಿದರೆ ಬಾಯ್ಲರ್ ಕಳಚಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಬಾಯ್ಲರ್ ಇಟ್ಟು ನೋಡುವ ಪ್ರಯೋಗದ ಕೊನೆಯ ತೂಕ ಅಂದೇ ಸಂಜೆ ನಾಲ್ಕಕ್ಕೆ.

ಬಾಯ್ಲರ್ ಹೋದರೆ ಹಿತ್ತಲಿನ ಹಳೆಯ ಸೌದೆ ಒಲೆಯೇ ಗತಿ. ಅದರ ಹೊಗೆ ಕುಡಿದು ಕುಡಿದೇ ಅಕ್ಕನ ಎದೆ ಹಾಳಾದದ್ದು. ಇನ್ನೊಂದು ಚಳಿಗಾಲ ಆ ಹೊಗೆಯಲ್ಲಿ ನಿಂತರೆ ಉಳಿಸುವುದು ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂರಿ ಎಂದರೆ ಅಕ್ಕ ಕೂರುವ ಪೈಕಿಯಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದಂತೆ ಕೂಗಾಡಿದೆ. ಅಕ್ಕ ಚೀಲಗಳ ಪಕ್ಕ ಕುಸಿದು ಕೂತರು. ಆಗ ನನಗೇ ನಾಚಿಕೆಯಾಯಿತು. ಒಗೆಯುವವರ ಮುಂದೆ ಕೊಳೆ ಬಟ್ಟೆ ಗುಡ್ಡೆ ಹಾಕಿ, ಮುಟ್ಟಬೇಡಿ ಎಂದೂ ಹೇಳದೆ ಹೋದವಳು ನಾನು.

ಅಕ್ಕ ಒಂದು ಚೀಲ ಬಿಡಿಸಿ ನೋಡುತ್ತ ಹೇಳಿದರು: "ಆ ಕೆಂಪು ಪುಡಿ ತೇಲಲಿಲ್ಲ. ನೀರಿಗೆ ಹಾಕಿದ ತಕ್ಷಣ ಕಲ್ಲಿನ ಹಾಗೆ ಮುಳುಗ್ತು."

ಇಬ್ಬರೂ ಒಂದೇ ಸಲ ಎದ್ದೆವು. ಒಗೆದ ನೀರು ಚರಂಡಿಗೆ ಹೋಗುವ ಮುಂಚೆ ಕೆಸರುಗುಂಡಿಯೊಂದರಲ್ಲಿ ನಿಂತು, ನಾರು ಮಣ್ಣು ಎಲ್ಲ ಕೆಳಗಿಳಿದು, ತಿಳಿ ಮಾತ್ರ ಮುಂದೆ ಹರಿಯುತ್ತದೆ. ಕಲ್ಲು ಸರಿಸಿ ನೀರು ಮೊಗೆದೆವು. ತಳದಲ್ಲಿ ಕೆಂಪು ಕೆಸರು ಮೊಣಕೈ ಮುಳುಗುವಷ್ಟು ಕೂತಿತ್ತು.

ಅಕ್ಕ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದೇಬಿಟ್ಟರು. ಬೇಡವೆಂದರೆ ಕೇಳಬೇಕಲ್ಲ. ಅವರು ಬಾಚಿ ಕೊಟ್ಟದ್ದನ್ನು ನಾನು ಜರಡಿ ಹಿಡಿದು, ನಾರು ಬೇರೆ ಮಾಡಿ, ಬಕೆಟ್ಟು ಬಕೆಟ್ಟಾಗಿ ಅಂಗಳಕ್ಕೆ ಹೊತ್ತೆ. ಆದರೆ ಒಣಗಿಸುವುದು ಯಾವುದರ ಮೇಲೆ? ನೆಲದಲ್ಲಿ ಮರಳು, ಟಾರ್ಪಾಲಿನಲ್ಲಿ ಎಣ್ಣೆ. ಬೇರೆ ಏನು ಬೆರೆತರೂ ಕಂಪನಿಯವರು ಮುಟ್ಟುವುದಿಲ್ಲ.

"ಮೇಲಿನ ಬೀರುವಿನ ಹನ್ನೆರಡು ಚಾದರ ತಗೊಂಡು ಬಾ," ಎಂದರು ಅಕ್ಕ ಗುಂಡಿಯೊಳಗಿಂದ.

"ಹೊಸವಾ? ನನಗೇ ಮುಟ್ಟೋಕೆ ಬಿಡಲ್ಲ ನೀವು."

"ಮಾತು ಸಾಕು, ಬಿಸಿಲು ಹೋಗುತ್ತೆ."

ಹಾಲಿನಂಥ ಚಾದರಗಳ ಮೇಲೆ ಅಕ್ಕ ತಮ್ಮ ಕೈಯಾರೆ ಕೆಂಪು ಕೆಸರು ಹರಡಿದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಧ್ಯಾಹ್ನವೆಲ್ಲ ಕೆದಕಿದೆವು, ತಿರುವಿದೆವು. ಅಕ್ಕ ಕೆಮ್ಮಿ ಕೆಮ್ಮಿ ಗೋಡೆಗೆ ಒರಗುತ್ತಿದ್ದರು, ಮತ್ತೆ ಬಂದು ಕೆದಕುತ್ತಿದ್ದರು. ಮೂರೂವರೆಗೆ ಪುಡಿ ಗರಿಗರಿಯಾಗಿ ಒಣಗಿತ್ತು; ಅದನ್ನು ಬಾಚಿ ತುಂಬಿ, ಚಾದರಗಳನ್ನು ತಂತಿಗೆ ಹಾಕಿದೆವು.

ನಾಲ್ಕಕ್ಕೆ ಸರಿಯಾಗಿ ಕಂಪನಿಯ ಹುಡುಗಿ ಬಂದಳು. ಬಾಯಿ ತೆರೆದರೆ ಲೆಕ್ಕವೇ ಉದುರುವುದರಿಂದ ನಾವು ಅವಳಿಗೆ ಇಟ್ಟ ಹೆಸರು ಶೇಕಡಾ ಮೇಡಂ. ಡ್ರಮ್ಮುಗಳನ್ನು ತೂಗಿದಳು, ನಮ್ಮ ಪುಡಿಯನ್ನು ಪರೀಕ್ಷಿಸಿ ತೂಗಿದಳು, ಆಮೇಲೆ ತೂಕದ ಯಂತ್ರದ ಪರದೆಯನ್ನೇ ನೋಡುತ್ತ ನಿಂತಳು.

"ಏಳು ಸಾವಿರ ಕಿಲೋಗೆ ತೊಂಬತ್ತೊಂಬತ್ತು ಪಾಲು ಅಂದ್ರೆ ಆರು ಸಾವಿರದ ಒಂಬೈನೂರ ಮೂವತ್ತು ಕಿಲೋ ಬರಬೇಕಿತ್ತು. ಮೂರು ಕಿಲೋ ಕಡಿಮೆ ಇದೆ."

"ಏಳು ಸಾವಿರದಲ್ಲಿ ಮೂರು ಕಿಲೋನಾ?" ಎಂದೆ.

"ನನ್ನ ಕೈಯಲ್ಲಿ ಇದ್ದಿದ್ರೆ ಬಿಟ್ಟುಬಿಡ್ತಿದ್ದೆ. ಈ ಯಂತ್ರ ಅಂಕಿ ನೋಡುತ್ತೆ, ಮುಖ ನೋಡಲ್ಲ." ಅವಳ ದನಿಯೂ ಇಳಿದಿತ್ತು.

ತಪ್ಪು ನನ್ನದು ಎಂದು ನಾನು, ಒಗೆದವಳು ನಾನು ಎಂದು ಅಕ್ಕ, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದೆವು. ಅಷ್ಟರಲ್ಲಿ ಅಕ್ಕ ತಟ್ಟನೆ ನಿಂತರು. ತಂತಿಯ ಮೇಲೆ ಆ ಹನ್ನೆರಡು ಚಾದರಗಳು ಕೆಂಪಗೆ ತೂಗಾಡುತ್ತಿದ್ದವು.

"ಅದಕ್ಕೆ ಹತ್ತಿರೋದೂ ತುಕ್ಕೇ ತಾನೆ, ಮೇಡಂ?"

"ಹೌದು. ಒದರೋ ಯಂತ್ರ ನಮ್ಮ ಹತ್ರ ಇದೆ. ಆದ್ರೆ ಚಾದರದ ತೂಕ ಕಳೀಬೇಕಲ್ಲ?"

"ಒಂದಕ್ಕೆ ಏಳುನೂರು ಗ್ರಾಂ. ಹನ್ನೆರಡಕ್ಕೆ ಎಂಟು ಕಿಲೋ ನಾನೂರು. ನಂಬಿಕೆ ಇಲ್ಲದಿದ್ರೆ ಅದೇ ಅಳತೆಯ ಬಿಳೀದು ಒಂದು ತೂಗಿ ನೋಡಿ."

ತೂಗಿದಳು. ಏಳುನೂರೇ ಬಂತು. ಮೂವತ್ತು ವರ್ಷ ಚಾದರ ಎತ್ತಿದ ಕೈ ಅದು. ಆಮೇಲೆ ಕೆಂಪು ಚಾದರಗಳನ್ನೆಲ್ಲ ತಕ್ಕಡಿಗೆ ಏರಿಸಿದೆವು: ಹನ್ನೆರಡು ಕಿಲೋ ನೂರು. ಹುಡುಗಿ ಕಳೆದಳು, ಕೂಡಿಸಿದಳು, ಇನ್ನೊಮ್ಮೆ ಕೂಡಿಸಿದಳು.

"ಮೂರು ಕಿಲೋ ಏಳುನೂರು ಸಿಕ್ತು. ಬಾಯ್ಲರ್ ಇಲ್ಲೇ ಇರುತ್ತೆ," ಎಂದಳು. "ಒದರೋ ಯಂತ್ರದಲ್ಲಿ ಹರಿದುಹೋಗುತ್ತೆ, ಚಾದರ ಮಾತ್ರ ವಾಪಸ್ ಬರಲ್ಲಮ್ಮ."

ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಅಳಲಿಲ್ಲ. ಒಂದು ಚೂರೂ ಚೆಲ್ಲದಂತೆ ಚಾದರಗಳನ್ನು ಒಳಮಡಿಸಿ, ಗಂಟು ಕಟ್ಟಿ, ಆ ಹುಡುಗಿಯ ಕೈಗಿತ್ತರು. ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು:

"ಒಗೀದೇ ಕೊಡ್ತಿದ್ದೀನಿ. ಏನೂ ಅಂದ್ಕೋಬೇಡಮ್ಮ."