ಎಡಕ್ಕೆ ಏಳು, ಬಲಕ್ಕೆ ಎಂಟು

ಸುದ್ದಿ ತಿಳಿದದ್ದು ಮಂಗಳವಾರ ಬೆಳಿಗ್ಗೆ. ಕ್ಲಬ್ಬಿನ ಮೆಟ್ಟಿಲ ಕೆಳಗಿನ ನನ್ನ ಕೋಣೆಯಲ್ಲಿ ಕೂತು, ಹಿಂದಿನ ದಿನ ನೆನೆದ ಬೂಟುಗಳೊಳಗೆ ಹಳೆಯ ಪತ್ರಿಕೆ ತುರುಕುತ್ತಿದ್ದೆ. ಹಾಗೆ ಮಾಡದಿದ್ದರೆ ಚರ್ಮ ಒಣಗಿ ಸೊಟ್ಟಗಾಗುತ್ತದೆ. ಆಟಗಾರರ ಬೂಟು ನೋಡಿಕೊಳ್ಳುವುದೇ ನಲವತ್ತೊಂದು ವರ್ಷದಿಂದ ನನ್ನ ಕೆಲಸ. ಕಾವಲುಗಾರ ಬಾಗಿಲಲ್ಲಿ ಬಂದು ನಿಂತ.

"ಯಜಮಾನ್ರೇ, ನಿಮ್ ಎಡಚ ಹೋಗ್ಬಿಟ್ರಂತೆ. ರೇಡಿಯೋದಲ್ಲಿ ಹೇಳಿದ್ರು. ಮಲಗಿದ್ದವರು ಏಳಲೇ ಇಲ್ವಂತೆ."

ಕೈಯಲ್ಲಿದ್ದ ಬೂಟಿಗೆ ಪತ್ರಿಕೆ ತುಂಬಿ ಮುಗಿಸಿದೆ. ಅದರ ಜೊತೆಯದಕ್ಕೂ ತುಂಬಿದೆ. ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಅವನೂ ನಾನೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಎಡಗಾಲಲ್ಲಿ ಗೋಲು ಹೊಡೆಯುತ್ತಿದ್ದನಾದ್ದರಿಂದ ಊರೆಲ್ಲ ಅವನನ್ನು ಎಡಚ ಎಂದೇ ಕರೆಯಿತು. ಕ್ಲಬ್ಬಿಗೆ ಬಂದ ಮೊದಲ ದಿನ ಅಭ್ಯಾಸ ಮುಗಿಸಿ ಬೂಟು ಬಿಚ್ಚಿದಾಗ ಅವನ ಬಲಗಾಲಿನ ಕಿರುಬೆರಳು ರಕ್ತವಾಗಿತ್ತು. ಅಳೆದು ನೋಡಿದೆ. ಎಡಕ್ಕೆ ಏಳು, ಬಲಕ್ಕೆ ಎಂಟು.

"ಇಷ್ಟು ದಿನ ಯಾರಿಗೂ ಹೇಳ್ಲಿಲ್ವೇನೋ?"

"ಒಂದ್ ಜೊತೆ ಕೊಡೋಕೇ ಮುಖ ಸಿಂಡರಿಸ್ತಾರೆ ಅಣ್ಣ, ಎರಡು ಯಾರ್ ಕೊಡ್ತಾರೆ?"

ಅಂದಿನಿಂದ ಅವನಿಗೆಂದು ಎರಡೆರಡು ಜೊತೆ ತರಿಸಿದೆ. ಒಂದರಿಂದ ಎಡದ್ದು, ಇನ್ನೊಂದರಿಂದ ಬಲದ್ದು. ಉಳಿದದ್ದು ಎಡ ಎಂಟು, ಬಲ ಏಳು. ಅವು ಯಾರ ಕಾಲಿಗೂ ಆಗದೆ ಮೇಲಿನ ಹಲಗೆ ಸೇರುತ್ತಿದ್ದವು. ಅವನು ಆಟ ನಿಲ್ಲಿಸುವ ಹೊತ್ತಿಗೆ ಆ ಹಲಗೆಯೇ ಬಾಗಿತ್ತು.

"ದೇವರು ನನ್ನ ಕಾಲು ಹೀಗೆ ಮಾಡ್ದಾಗ, ಎಲ್ಲೋ ಇನ್ನೊಬ್ಬಂದು ಉಲ್ಟಾ ಮಾಡಿರ್ತಾನೆ ಅಣ್ಣ. ಅವನು ಸಿಕ್ರೆ ಇವೆಲ್ಲ ಅವನಿಗೇ," ಎನ್ನುತ್ತಿದ್ದ.

"ಸಿಕ್ಕಿದ್ರೆ ಅವನನ್ನೇ ಆಡಿಸ್ತೀವಿ. ನೀನು ಬೂಟಿಗೆ ಪೇಪರ್ ತುಂಬು," ಎನ್ನುತ್ತಿದ್ದೆ.

ಪ್ರತಿ ಆಟಕ್ಕೂ ಮುಂಚೆ ನನ್ನ ತೊಡೆಯ ಮೇಲೆ ಮೊದಲು ಎಡಗಾಲು, ಆಮೇಲೆ ಬಲಗಾಲು ಇಡುತ್ತಿದ್ದ. ನಾನು ಲೇಸು ಕಟ್ಟಿ, "ಬಿದ್ದರೂ ಎದ್ದು ಬರಲಿ ದೇವರೇ" ಎಂದು ಬೇಡಿಕೊಳ್ಳುತ್ತಿದ್ದೆ. ಹದಿನಾಲ್ಕು ವರ್ಷ ಆಡಿದ, ದೇಶದ ತಂಡಕ್ಕೆ ನಾಯಕನಾದ. ಪ್ರತಿ ಸಲವೂ ಎದ್ದು ಬಂದ. ಅವನ ಕಾಲಿಗೆ ಒಮ್ಮೆಯೂ ದೊಡ್ಡ ಪೆಟ್ಟಾಗಲಿಲ್ಲ.

ಆಟ ಬಿಟ್ಟ ವರ್ಷವೇ ಒಂದು ಪಕ್ಷದವರು ಬಂದು ಚುನಾವಣೆಗೆ ನಿಲ್ಲಿಸಿದರು. ಮೊದಲ ಸಭೆಗೆ ಹೊಸ ಕರಿ ಷೂ ಅವರೇ ತಂದರು, ಎರಡೂ ಏಳನೇ ಅಳತೆ. ಬಲಗಾಲಿಗೆ ಷೂ ಕಚ್ಚಿ ಕುಂಟುತ್ತ ವೇದಿಕೆ ಹತ್ತಿದ. ದೇಶಕ್ಕಾಗಿ ಆಡಿ ಕಾಲು ಕಳೆದುಕೊಂಡನಲ್ಲ ಎಂದು ಜನ ಕಣ್ಣೊರೆಸಿಕೊಂಡರು. ಗೆದ್ದ.

"ಗೆದ್ದಿದ್ದು ನಾನಲ್ಲ ಅಣ್ಣ, ನನ್ನ ಕಿರುಬೆರಳು," ಎಂದು ನಕ್ಕ. ನಾನೂ ನಕ್ಕೆ. ದೇವರು ನನ್ನಿಂದ ಲೆಕ್ಕ ಕೇಳುವುದಿದ್ದರೆ ಆ ನಗುವಿನ ಲೆಕ್ಕವನ್ನೇ ಮೊದಲು ಕೇಳಿಯಾನು.

ಆಮೇಲೆ ಬೇಕೆಂದೇ ಬಲಗಾಲಿಗೂ ಏಳನ್ನೇ ಹಾಕತೊಡಗಿದ. ಮಂತ್ರಿಯಾದ. ಭಾನುವಾರ ನನ್ನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಪ್ಪದೆ ಫೋನ್ ಮಾಡುತ್ತಿದ್ದ. "ಸುತ್ತ ನೂರು ಜನ ಇದ್ದಾರೆ ಅಣ್ಣ. ಷೂ ಕಚ್ತಾ ಇದೆ ಅಂತ ಹೇಳ್ಕೊಳ್ಳೋಕೆ ಒಬ್ಬನೂ ಇಲ್ಲ," ಎಂದ ಒಮ್ಮೆ.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಎರಡು ಜೊತೆ ಕರಿ ಷೂ ತಂದು, ಅವನ ಕಾಲಿನದನ್ನು ಆರಿಸಿ ಪೆಟ್ಟಿಗೆಗೆ ಹಾಕಿ ಅವನ ಕಚೇರಿಗೆ ಹೋದೆ. ಹತ್ತಾರು ಜನ ಕೂತಿದ್ದರು. ಮುಚ್ಚಳ ತೆರೆದು ನೋಡಿದವನು ಹಾಗೇ ಮುಚ್ಚಿ ಮೇಜಿನ ಅಂಚಿಗೆ ತಳ್ಳಿದ. ನನಗೆ ತಡೆಯಲಾಗಲಿಲ್ಲ.

"ನಿನ್ ಕಾಲಿಗೆ ಏನೂ ಆಗಿಲ್ಲ ಕಣೋ! ಜನರ ಮುಂದೆ ಕುಂಟ್ತೀಯ, ದೇವರ ಮುಂದೆ ಹೇಗೆ ನಡೀತೀಯ?"

ಯಾರೋ ಕಿಸಕ್ಕೆಂದರು. ಅವನ ಮುಖ ಬಿಳಿಚಿತು. "ಅಣ್ಣಂಗೆ ವಯಸ್ಸಾಯ್ತು. ಗೇಟ್ ತನಕ ಬಿಟ್ಟು ಬನ್ನಿ," ಎಂದ. ಪೆಟ್ಟಿಗೆಯನ್ನು ಗೇಟಿನಲ್ಲಿ ನನ್ನ ಕೈಗೇ ಕೊಟ್ಟರು.

ಆ ಭಾನುವಾರ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಅವನ ಸುದ್ದಿ ಕಿವಿಗೆ ಬೀಳದಿರಲೆಂದು ಕೋಣೆಯ ರೇಡಿಯೋವನ್ನು ಕಾವಲುಗಾರನಿಗೆ ಕೊಟ್ಟುಬಿಟ್ಟೆ. ಎರಡು ವರ್ಷದ ಹಿಂದೆ ಎಡಚ ಚುನಾವಣೆಯಲ್ಲಿ ಸೋತನೆಂದು ಆ ಕಾವಲುಗಾರನೇ ಹೇಳಿದಾಗ, ಬಚ್ಚಿಡುವುದೇಕೆ, ನನಗೆ ಸಮಾಧಾನವೇ ಆಯಿತು.

ಮಂಗಳವಾರ ಆ ಪೆಟ್ಟಿಗೆಯ ದೂಳು ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಅವನ ಮನೆಗೆ ಹೋದೆ. ಅಂಗಳದಲ್ಲಿ ಐವತ್ತು ಕುರ್ಚಿ ಹಾಕಿದ್ದರು. ಕೂತವರು ಏಳೆಂಟು ಜನ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಕಾಲಿಗೆ ಬರಿಯ ಕಾಲುಚೀಲ. ಅವನ ಹೆಂಡತಿ ಎದ್ದು ಬಂದಳು.

"ಬಂದ್ರಾ ಭಾವ," ಎಂದಳು. ಪೆಟ್ಟಿಗೆ ನೋಡಿದವಳು ನನ್ನನ್ನು ಒಳಗೆ ಕರೆದು ಷೂ ಕಪಾಟು ತೆರೆದಳು. "ಇದೇನು ಅಂತ ನಿಮಗಾದ್ರೂ ಗೊತ್ತಾ? ಹೊಚ್ಚ ಹೊಸವು. ಒಂದ್ ದಿನವೂ ಹಾಕಿಲ್ಲ, ಎಸೆಯೋಕೂ ಬಿಡ್ತಿರಲಿಲ್ಲ."

ನಾಲ್ಕು ಜೊತೆ ಇದ್ದವು. ಒಂದೊಂದನ್ನೇ ತಿರುವಿ ಅಟ್ಟೆಯ ಮೇಲಿನ ಅಳತೆ ನೋಡಿದೆ. ಎಡ ಎಂಟು. ಬಲ ಏಳು. ನಾಲ್ಕೂ ಹಾಗೆಯೇ. ಇವು ಉಳಿದ ಜೊತೆಗಳಾದರೆ, ಅವನು ಹಾಕಿದ್ದು ಸರಿಯಾದವನ್ನೇ.

"ಯಾವಾಗಿಂದ ತಾಯಿ?"

"ಕೊನೇ ಚುನಾವಣೆಗೆ ಮುಂಚಿಂದ. ಪಕ್ಷದವರು, ಸ್ವಲ್ಪ ಕುಂಟಿ ಸಾರ್ ಅಂತ ಕಾಲಿಗೆ ಬಿದ್ರು. ಇವರು ನೆಟ್ಟಗೆ ನಡೆದ್ರು. ಇಷ್ಟು ದಿನ ಆಡಿದ್ದು ನಾಟಕ ಅಂತ ಜನ ಉಗಿದ್ರು. ಸೋತ ಮೇಲೆ ಈ ಮೆಟ್ಟಿಲು ಹತ್ತಿದವರೇ ಇಲ್ಲ."

"ನಂಗೊಂದು ಮಾತು ಹೇಳ್ಬಾರದಿತ್ತಾ?"

"ಭಾನುವಾರ ಆದ್ರೆ ಫೋನ್ ಪಕ್ಕ ಕೂತಿರೋರು ಭಾವ. ನೀವೇ ಮಾಡ್ರೀ ಅಂದ್ರೆ, ಬೇಡ, ಅಣ್ಣ ಮಾಡ್ಲಿ, ಬೈಯೋದಿದ್ರೆ ಪೂರ್ತಿ ಬೈಲಿ, ಅನ್ನೋರು."

ನಾನೂ ಭಾನುವಾರಗಳಲ್ಲಿ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದೆ.

ಅವಳ ಒಪ್ಪಿಗೆ ಕೇಳಿ, ಅವನ ಕಾಲ ಬಳಿ ಕೂತೆ. ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಆಡುವ ದಿನಗಳಲ್ಲಿ ತಾನಾಗಿ ಒಳಗೆ ಜಾರುತ್ತಿದ್ದ ಪಾದ ಇಂದು ಮರಗಟ್ಟಿತ್ತು. ನಾನು ತಂದ ಪೆಟ್ಟಿಗೆಯ ಷೂ ತೆಗೆದು, ಲೇಸನ್ನೆಲ್ಲ ಬಿಚ್ಚಿ, ಅಗಲಿಸಿ, ನಿಧಾನವಾಗಿ ತೊಡಿಸಿದೆ. ಎಡಕ್ಕೆ ಏಳು. ಆಮೇಲೆ ಬಲಕ್ಕೆ ಎಂಟು. ಕಿರುಬೆರಳ ಹತ್ತಿರ ಒತ್ತಿ ನೋಡಿದೆ, ಕಚ್ಚುತ್ತಿರಲಿಲ್ಲ. ಎರಡಕ್ಕೂ ಲೇಸು ಕಟ್ಟಿದೆ.

ದೇವರೇ, ಇವನು ಕುಂಟಿದ್ದನ್ನು ನೀನು ನೋಡಿದ್ದೀಯೆ, ನೆಟ್ಟಗೆ ನಡೆದದ್ದನ್ನೂ ನೋಡಿದ್ದೀಯೆ. ನಾನು ಮಾತ್ರ ಮೊದಲನೆಯದನ್ನಷ್ಟೇ ನೋಡಿದೆ, ಕ್ಷಮಿಸು. ಬಿದ್ದರೂ ಎದ್ದು ಬರಲೆಂದು ಪ್ರತಿ ಸಲ ನಿನ್ನನ್ನು ಬೇಡಿದವನು ನಾನು. ಈ ಸಲ ಅದನ್ನು ಬೇಡುವುದಿಲ್ಲ. ದಣಿದಿದ್ದಾನೆ, ನಿನ್ನ ಬಾಗಿಲಲ್ಲಿ ಅವನ ಷೂ ಬಿಚ್ಚಿಸಿ ಒಳಗೆ ಕರೆದುಕೋ. ಅವನನ್ನು ಒಂಟಿಯಾಗಿ ಕೂರಿಸಬೇಡ. ಅವನಿಗೆ ಶಾಂತಿ ಕೊಡು.